ಕತ್ತಿಯ ವಯಸ್ಸು, ಕಥೆಯ ವಯಸ್ಸು: ಜಪಾನಿನ ಹೆಸರಾಂತ ಖಡ್ಗಗಳ ಮೂಲಕ ‘ಆಧಾರಗಳು’ ಪಾಠ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ನನಗೆ ಎಂಟನೆಯ ತರಗತಿಯ ‘ಆಧಾರಗಳು’ ಪಾಠ ಸಿಕ್ಕಿತು. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಮೌಖಿಕ ಆಧಾರ ಎಂದು ಕಪ್ಪುಹಲಗೆಯ ಮೇಲೆ ವಿಂಗಡಿಸಿ ಬರೆದು, ಒಂದೊಂದಕ್ಕೂ ಎರಡು ಉದಾಹರಣೆ ಕೊಟ್ಟರೆ ಮುಗಿಯುವ ಪಾಠ ಎಂದು ನಮ್ಮಲ್ಲಿ ಅನೇಕರು ಇದನ್ನು ಸುಲಭದ ಪಾಠಗಳ ಪಟ್ಟಿಗೆ ಸೇರಿಸುತ್ತೇವೆ. ನಾನೂ ಹಾಗೆಯೇ ಸೇರಿಸಿದ್ದೆ. ಕೊನೆಗೆ ಅದೇ ತರಗತಿಗೆ ಅದೇ ಪಾಠವನ್ನು ಮೂರು ಬಾರಿ ಮಾಡಬೇಕಾಯಿತು. ಮೊದಲ ಬಾರಿ ಮಕ್ಕಳು ದಂತಕಥೆಯನ್ನೇ ಇತಿಹಾಸವೆಂದು ನಂಬಿದರು. ಎರಡನೆಯ ಬಾರಿ ಕಥೆಯ ಜೊತೆಗೆ ನನ್ನನ್ನೂ ನಂಬುವುದನ್ನು ಬಿಟ್ಟರು. ಮೂರನೆಯ ಬಾರಿ ಏನು ಬದಲಿಸಿದೆ, ಅದಕ್ಕಾಗಿ ಏನನ್ನು ಓದಿಕೊಂಡೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಜಪಾನಿನ ಕತ್ತಿಯೇ ಏಕೆ?

ಈ ವಿಷಯವನ್ನು ಆರಿಸಿದ್ದು ನಾನಲ್ಲ. ತರಗತಿಯ ಕೊನೆಯ ಬೆಂಚಿನ ಹುಡುಗನೊಬ್ಬ ರಟ್ಟಿನಿಂದ ಉದ್ದನೆಯ, ತುಸು ಬಾಗಿದ ಕತ್ತಿಯೊಂದನ್ನು ಮಾಡಿ, ಬೆಳ್ಳಿ ಬಣ್ಣದ ಕಾಗದ ಸುತ್ತಿ ತಂದಿದ್ದ. ಅವನ ನೋಟ್‌ಬುಕ್ಕಿನ ಹೊದಿಕೆಯ ಮೇಲೆ ‘ಮಸಮುನೆ’, ‘ಮುರಮಸ’ ಎಂಬ ಎರಡು ಹೆಸರುಗಳಿದ್ದವು. ಮೊಬೈಲ್ ಆಟಗಳಿಂದ ಕಲಿತ ಹೆಸರುಗಳು. ಅರ್ಧ ತರಗತಿಗೆ ಆ ಹೆಸರುಗಳ ಪರಿಚಯವಿತ್ತು. ಪೂರ್ವಜ್ಞಾನದಿಂದ ಪಾಠ ಆರಂಭಿಸಬೇಕೆಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಆ ಪೂರ್ವಜ್ಞಾನ ಇಲ್ಲಿ ತಾನಾಗಿಯೇ ಎದುರಿಗೆ ಬಂದು ನಿಂತಿತ್ತು. ಪೀಠಿಕೆಗೆ ಅದನ್ನೇ ಬಳಸಿಕೊಂಡೆ.

ನಮ್ಮ ಮಾರ್ಗದರ್ಶಕ ಉಪನ್ಯಾಸಕಿಯವರು ಪಾಠಯೋಜನೆ ನೋಡುವಾಗಲೇ ಕೇಳಿದ್ದರು: “ನಮ್ಮಲ್ಲಿ ಶಾಸನಗಳಿಗೆ, ವೀರಗಲ್ಲುಗಳಿಗೆ ಬರವೇನಮ್ಮ? ಜಪಾನಿಗೆ ಯಾಕೆ ಹೋಗಬೇಕು?” ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಮಕ್ಕಳಿಗೆ ಇಷ್ಟ ಎಂದಷ್ಟೇ ಹೇಳಿದೆ. ಉತ್ತರ ಸಿಕ್ಕಿದ್ದು ಪಾಠ ಮುಗಿದ ಮೇಲೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲ ಪಾಠ

ಮೊದಲ ದಿನ ಪೀಠಿಕೆಯಾಗಿ ಪ್ರಸಿದ್ಧವಾದ ಎಲೆಗಳ ಕಥೆಯನ್ನು ಹೇಳಿದೆ. ಮಸಮುನೆ ಮತ್ತು ಮುರಮಸ ಇಬ್ಬರೂ ಕತ್ತಿ ಮಾಡುವ ಕಮ್ಮಾರರು. ಯಾರ ಕತ್ತಿ ಮೇಲು ಎಂದು ಪಂದ್ಯವಾಯಿತು. ಇಬ್ಬರೂ ಹರಿಯುವ ತೊರೆಯಲ್ಲಿ ತಮ್ಮ ಕತ್ತಿಗಳನ್ನು ನೆಟ್ಟರು. ಮುರಮಸನ ಅಲಗು ತೇಲಿಬಂದ ಎಲೆಗಳನ್ನೆಲ್ಲ ಸೀಳಿಹಾಕಿತು. ಮಸಮುನೆಯ ಅಲಗಿನ ಬಳಿ ಬಂದ ಎಲೆಗಳು ಮಾತ್ರ ತಾವಾಗಿಯೇ ಪಕ್ಕಕ್ಕೆ ಸರಿದು ಮುಂದೆ ಹೋದವು. ಮುಗ್ಧವಾದುದನ್ನು ಕೊಯ್ಯದ ಕತ್ತಿಯೇ ಶ್ರೇಷ್ಠ ಎಂದು ತೀರ್ಪಾಯಿತು. ತರಗತಿ ಉಸಿರು ಬಿಗಿಹಿಡಿದು ಕೇಳಿತು. ಆಮೇಲೆ ಆಧಾರಗಳ ವಿಂಗಡಣೆಯನ್ನು ಬೋರ್ಡಿನ ಮೇಲೆ ಬರೆದು, ಉಳಿದ ಪಾಠವನ್ನು ಯೋಜನೆಯಂತೆ ಮುಗಿಸಿದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೆ: “ಮಸಮುನೆಯ ಬಗ್ಗೆ ನಮಗೆ ಏನು ತಿಳಿದಿದೆ? ಹೇಗೆ ತಿಳಿದಿದೆ?” ಮೂರು-ನಾಲ್ವರನ್ನು ಬಿಟ್ಟರೆ ಉಳಿದವರೆಲ್ಲ ಎಲೆಗಳ ಕಥೆಯನ್ನು ಬರೆದಿದ್ದರು. ‘ಹೇಗೆ ತಿಳಿದಿದೆ’ ಎಂಬ ಭಾಗಕ್ಕೆ ಒಬ್ಬಳು ಬರೆದ ಉತ್ತರ: “ಮಿಸ್ ಹೇಳಿದರು.” ಅವಳದು ಪ್ರಾಮಾಣಿಕ ಉತ್ತರ. ಅವಲೋಕನ ಪುಸ್ತಕದಲ್ಲಿ ಮೇಡಂ ಒಂದೇ ಸಾಲು ಬರೆದಿದ್ದರು: “ಕಥೆ ಚೆನ್ನಾಗಿತ್ತು. ಆಧಾರ ಯಾವುದು?”

ಎರಡನೆಯ ಪಾಠ

ಆ ಸಾಲು ನನಗೆ ಚುಚ್ಚಿತು. ಅಂದು ರಾತ್ರಿಯೇ ಇಬ್ಬರ ಕಾಲವನ್ನು ಹುಡುಕಿದೆ. ಮಸಮುನೆ ಕಾಮಕುರಾ ಪಟ್ಟಣದಲ್ಲಿ 13ನೆಯ ಶತಮಾನದ ಕೊನೆ ಮತ್ತು 14ನೆಯ ಶತಮಾನದ ಆರಂಭದಲ್ಲಿ ಕೆಲಸ ಮಾಡಿದವನು. ಮುರಮಸ ಇಸೆ ಪ್ರಾಂತದ ಕುವಾನ ಎಂಬ ಊರಿನವನು. ಆ ಹೆಸರಿನ, ಇಸವಿ ಕೆತ್ತಿದ ಅತಿ ಹಳೆಯ ಕತ್ತಿಯ ಕಾಲ 1501. ಇಬ್ಬರ ನಡುವೆ ಸುಮಾರು 200 ವರ್ಷಗಳ ಅಂತರ. ಇವರು ಒಂದೇ ತೊರೆಯ ದಡದಲ್ಲಿ ನಿಂತಿರಲು ಸಾಧ್ಯವೇ ಇಲ್ಲ.

ಮರುದಿನ ತರಗತಿಗೆ ಹೋಗಿ, “ನಿನ್ನೆ ಹೇಳಿದ ಕಥೆ ಸುಳ್ಳು” ಎಂದು ಕಾಲಮಾನ ಸಮೇತ ಸಾಬೀತುಪಡಿಸಿದೆ. ಐದು ನಿಮಿಷದ ಕೆಲಸ. ರಟ್ಟಿನ ಕತ್ತಿಯ ಹುಡುಗ ಎದ್ದು ನಿಂತು ಕೇಳಿದ: “ಹಾಗಾದ್ರೆ ನಿನ್ನೆ ಯಾಕೆ ಹೇಳಿದ್ರಿ ಮಿಸ್?” ನನಗೆ ಉತ್ತರ ತೋಚಲಿಲ್ಲ. ಮುಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂತು: “ಪುಸ್ತಕದಲ್ಲಿ ಇರೋದು?” ಗಾಬರಿಯಲ್ಲಿ, “ಪುಸ್ತಕದಲ್ಲಿರುವುದೆಲ್ಲ ನಿಜ” ಎಂದುಬಿಟ್ಟೆ. ಆಧಾರಗಳನ್ನು ಪರೀಕ್ಷಿಸಿ ನೋಡಬೇಕು ಎಂದು ಕಲಿಸಬೇಕಾದ ಪಾಠದಲ್ಲಿ ಇದಕ್ಕಿಂತ ಕೆಟ್ಟ ಉತ್ತರ ಇರಲಾರದು. ಉಳಿದ ಅವಧಿ ಮೌನದಲ್ಲಿ ಕಳೆಯಿತು. ಮರುದಿನ ರಟ್ಟಿನ ಕತ್ತಿ ಶಾಲೆಗೆ ಬರಲಿಲ್ಲ.

ಸಿಬ್ಬಂದಿ ಕೊಠಡಿಯಲ್ಲಿ ಮೇಡಂ ಹೇಳಿದ ಮಾತು ಇಷ್ಟೇ: “ನೀನು ಮೊದಲ ದಿನ ಕಥೆಯನ್ನು ಕೊಟ್ಟೆ, ಎರಡನೆಯ ದಿನ ಕಿತ್ತುಕೊಂಡೆ. ಎರಡೂ ದಿನ ಮಕ್ಕಳಿಗೆ ಮಾಡಲಿಕ್ಕೆ ಏನೂ ಕೆಲಸ ಇರಲಿಲ್ಲ.”

ನಾನು ಮಾಡಿಕೊಂಡ ಅಧ್ಯಯನ

ಮೂರನೆಯ ಪಾಠಕ್ಕೆ ಮುನ್ನ ಒಂದು ವಾರ ಸಮಯ ಕೇಳಿ ಪಡೆದೆ. ಓದುತ್ತಾ ಹೋದಂತೆ, ಹೆಸರಾಂತ ಕತ್ತಿಯೊಂದಕ್ಕೆ ಒಂದಲ್ಲ, ಮೂರು ವಯಸ್ಸುಗಳಿರುತ್ತವೆ ಎಂಬುದು ಸ್ಪಷ್ಟವಾಯಿತು. ಉಕ್ಕಿನ ವಯಸ್ಸು ಒಂದು, ಅದರ ಬಗ್ಗೆ ಬರೆದ ದಾಖಲೆಯ ವಯಸ್ಸು ಇನ್ನೊಂದು, ಅದರ ಸುತ್ತ ಬೆಳೆದ ಕಥೆಯ ವಯಸ್ಸು ಮತ್ತೊಂದು. ಈ ಮೂರನ್ನು ಬೆರೆಸಿದಾಗ ಗೊಂದಲ ಹುಟ್ಟುತ್ತದೆ. ಬಿಡಿಸಿ ಇಟ್ಟಾಗ ದಂತಕಥೆಯೂ ಒಂದು ಆಧಾರವಾಗುತ್ತದೆ. ತರಗತಿಗೆಂದು ಆರಿಸಿಕೊಂಡ ಉದಾಹರಣೆಗಳು ಇವು.

1. ವಸ್ತು ತಾನೇ ಹೇಳುವುದು. ಕುಡುಗೋಲಿನ ಬುಡ ಮರದ ಹಿಡಿಯೊಳಗೆ ಹೋಗಿ ಕೂರುವಂತೆ, ಜಪಾನಿನ ಕತ್ತಿಯ ಬುಡವೂ ಹಿಡಿಯೊಳಗೆ ಅಡಗಿರುತ್ತದೆ. ಅದನ್ನು ಅವರು ‘ನಕಾಗೊ’ ಎನ್ನುತ್ತಾರೆ. ಬಿದಿರಿನ ಒಂದು ಮೊಳೆ ತೆಗೆದರೆ ಹಿಡಿ ಕಳಚುತ್ತದೆ. ಕಮ್ಮಾರ ತನ್ನ ಹೆಸರನ್ನು, ಕೆಲವೊಮ್ಮೆ ಊರು ಮತ್ತು ಇಸವಿಯನ್ನು ಕೆತ್ತುವುದು ಅಲ್ಲಿಯೇ. ಅಲಗಿಗೆ ಎಷ್ಟೇ ಹೊಳಪು ಕೊಟ್ಟರೂ ಬುಡದ ತುಕ್ಕನ್ನು ಮಾತ್ರ ಯಾರೂ ಉಜ್ಜಿ ತೆಗೆಯುವುದಿಲ್ಲ. ಆ ತುಕ್ಕಿನ ಬಣ್ಣ ವಯಸ್ಸನ್ನು ಅಂದಾಜಿಸಲು ನೆರವಾಗುತ್ತದೆ. ಬುಡದ ಮೇಲೆ ತೆಳುವಾದ ಕಾಗದವಿಟ್ಟು ಮಸಿಯುಂಡೆಯಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುವ ಪದ್ಧತಿಗೆ ‘ಒಶಿಗತ’ ಎಂದು ಹೆಸರು. ಆದರೆ ವಸ್ತುವೂ ಮೋಸ ಮಾಡಬಲ್ಲದು. ಹೆಸರಾಂತ ಕಮ್ಮಾರರ ಸುಳ್ಳು ಸಹಿ ಕೆತ್ತಿದ ಕತ್ತಿಗಳು ಬಹಳ ಇವೆ. ಉದ್ದದ ಕತ್ತಿಯನ್ನು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದಾಗ ನಿಜವಾದ ಸಹಿಯೂ ಅಳಿಸಿಹೋಗುತ್ತಿತ್ತು. ಮಸಮುನೆಯ ಸಹಿಯಿರುವ ಅಲಗುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಹೀಗಾಗಿ ಪರಿಣತರು ಕತ್ತಿಯ ಬಾಗು, ಉಕ್ಕಿನ ಪದರಗಳ ನೆಯ್ಗೆ, ಅಲಗಿನಂಚಿನುದ್ದಕ್ಕೂ ಕಾಣುವ ಮೋಡದಂಥ ಬಿಳಿ ಗೆರೆ ಇವುಗಳನ್ನೂ ನೋಡಬೇಕಾಗುತ್ತದೆ. ಈ ಗೆರೆ ಮೂಡುವುದು ಅಲಗಿಗೆ ಮಣ್ಣು ಬಳಿದು ಕಾಯಿಸಿ ನೀರಿಗೆ ಅದ್ದಿದಾಗ. ಬೆನ್ನಿನ ಕಡೆ ಮಣ್ಣು ದಪ್ಪ, ಅಂಚಿನ ಕಡೆ ತೆಳು. ಆದ್ದರಿಂದ ಅಂಚು ಬೇಗ ತಣಿದು ಗಡುಸಾಗುತ್ತದೆ.

2. ದೋಜಿಗಿರಿ. ಹೋಕಿ ಪ್ರಾಂತದ ಯಸುತ್ಸುನ ಎಂಬ ಕಮ್ಮಾರ ಮಾಡಿದ, ಸುಮಾರು 80 ಸೆಂಟಿಮೀಟರ್ ಉದ್ದದ ಅಲಗಿನ ಈ ಕತ್ತಿ ಇಂದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಯಾನ್ ಕಾಲದ್ದು, ಅಂದರೆ 10ರಿಂದ 12ನೆಯ ಶತಮಾನದ ನಡುವಿನದು ಎಂಬುದು ಪರಿಣತರ ಎಣಿಕೆ. ಕಥೆಯ ಪ್ರಕಾರ, ಮಿನಮೊಟೊ ನೊ ಯೊರಿಮಿತ್ಸು ಎಂಬ ವೀರ ಓಎ ಬೆಟ್ಟದ ಶುತೆನ್‌ದೋಜಿ ಎಂಬ ರಾಕ್ಷಸನ ತಲೆ ಕತ್ತರಿಸಿದ್ದು ಇದರಿಂದಲೇ. ಯೊರಿಮಿತ್ಸು ನಿಜವಾಗಿ ಬದುಕಿದ್ದ ವ್ಯಕ್ತಿ, ತೀರಿಕೊಂಡದ್ದು 1021ರಲ್ಲಿ. ಆದರೆ ರಾಕ್ಷಸನ ಕಥೆಯನ್ನು ಹೇಳುವ, ಇಂದಿಗೆ ಉಳಿದಿರುವ ಅತಿ ಹಳೆಯ ಚಿತ್ರಸುರುಳಿ 14ನೆಯ ಶತಮಾನದ್ದು. ನಡುವೆ 300 ವರ್ಷ ಕಳೆದಿದೆ. ಮುಂದೆ 1719ರಲ್ಲಿ ಎಂಟನೆಯ ಶೋಗನ್ ತೊಕುಗವ ಯೊಶಿಮುನೆಯ ಅಪ್ಪಣೆಯಂತೆ, ಕತ್ತಿಗಳ ಪರೀಕ್ಷೆಯನ್ನೇ ಮನೆತನದ ವೃತ್ತಿಯಾಗಿ ಮಾಡಿಕೊಂಡಿದ್ದ ಹೊನಾಮಿ ಕುಟುಂಬದವರು ಹೆಸರಾಂತ ಕತ್ತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ದೋಜಿಗಿರಿಯ ಹೆಸರು ಅದರಲ್ಲಿದೆ. ಈ ಪಟ್ಟಿಯ ಒಂದು ವಿಶೇಷ ನನಗೆ ಬಹಳ ಹಿಡಿಸಿತು. 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ, 1657ರಲ್ಲಿ ಎದೊ ನಗರಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಕತ್ತಿಗಳನ್ನೂ ಅವರು ಬಿಡದೆ ದಾಖಲಿಸಿದ್ದಾರೆ.

3. ಮುರಮಸನ ಶಾಪ. ಮುರಮಸನ ಕತ್ತಿಗಳು ತೊಕುಗವ ಮನೆತನಕ್ಕೆ ಶಾಪ ಎಂಬ ಐತಿಹ್ಯವಿದೆ. ತೊಕುಗವ ಇಯೆಯಸುವಿನ ಅಜ್ಜ 1535ರಲ್ಲಿ ತನ್ನದೇ ಬಂಟನೊಬ್ಬನ ಕೈಯಲ್ಲಿ ಸತ್ತ. ಅವನ ತಂದೆಯ ಮೇಲೂ ದಾಳಿಯಾಯಿತು. 1579ರಲ್ಲಿ ಅವನ ಹಿರಿಯ ಮಗ ಪ್ರಾಣ ಬಿಡಬೇಕಾಯಿತು. ಮೂರೂ ಸಂದರ್ಭಗಳಲ್ಲಿ ಮುರಮಸನ ಕತ್ತಿಯೇ ಇತ್ತು ಎನ್ನುತ್ತದೆ ಕಥೆ. ನಕ್ಷೆ ತೆರೆದು ನೋಡಿದೆ. ಮುರಮಸನ ಕುವಾನಕ್ಕೂ ಇಯೆಯಸುವಿನ ಮಿಕಾವ ಪ್ರಾಂತಕ್ಕೂ ಹೆಚ್ಚು ದೂರವಿಲ್ಲ. ಮಿಕಾವದ ಯೋಧರಲ್ಲಿ ಈ ಕುಲುಮೆಯ ಆಯುಧಗಳು ಹೇರಳವಾಗಿದ್ದವು. ಊರಿನವರೆಲ್ಲ ಒಂದೇ ಕುಲುಮೆಯಿಂದ ಕುಡುಗೋಲು ತಂದರೆ, ಆ ಊರಿನಲ್ಲಿ ಯಾರ ಬೆರಳು ಕೊಯ್ದರೂ ಅದು ಅದೇ ಕುಲುಮೆಯದಾಗಿರುತ್ತದೆ. ಇನ್ನೊಂದು ಸಂಗತಿ: ಇಯೆಯಸುವಿನ ಬಳಿಯಿದ್ದು ವಂಶಕ್ಕೆ ಬಂದ ಮುರಮಸ ಕತ್ತಿಯೊಂದು ನಗೋಯದ ತೊಕುಗವ ಕಲಾ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಶಾಪವೆಂದು ಅವನೇ ನಂಬಿದ್ದರೆ ಅದನ್ನು ಇಟ್ಟುಕೊಳ್ಳುತ್ತಿದ್ದನೆ? ಶಾಪದ ಕಥೆ ಬಲಿತದ್ದು ಮುಂದೆ, 18 ಮತ್ತು 19ನೆಯ ಶತಮಾನದ ಕಬುಕಿ ನಾಟಕಗಳಲ್ಲಿ. ತೊಕುಗವ ಆಡಳಿತ ಅಲುಗಾಡತೊಡಗಿದಾಗ ಅದರ ವಿರೋಧಿಗಳು ಇದೇ ಕತ್ತಿಗಳನ್ನು ಹುಡುಕಿ ಕೊಂಡರು. ಅಂದರೆ ಶಾಪದ ಕಥೆ 1535ರ ಬಗ್ಗೆ ಹೇಳುವುದಕ್ಕಿಂತ, ಅದನ್ನು ಹೇಳಿದವರ ಕಾಲದ ಬಗ್ಗೆ ಹೆಚ್ಚು ಹೇಳುತ್ತದೆ.

4. ಕುಸನಗಿ. ಎಂಟು ತಲೆಯ ಸರ್ಪದ ಬಾಲದಿಂದ ಸುಸಾನೊ ದೇವತೆಗೆ ಸಿಕ್ಕ ಕತ್ತಿ ಇದು; ಮುಂದೆ ಯಮತೊ ತಕೆರು ಎಂಬ ರಾಜಕುಮಾರ ಸುತ್ತ ಬೆಂಕಿ ಬಿದ್ದಾಗ ಇದರಿಂದ ಹುಲ್ಲು ಸವರಿ ಪಾರಾದ ಎಂಬುದು ಪುರಾಣ. 712ರ ‘ಕೊಜಿಕಿ’ ಮತ್ತು 720ರ ‘ನಿಹೊನ್ ಶೊಕಿ’ ಗ್ರಂಥಗಳಲ್ಲಿ ಈ ಕತ್ತಿಯ ಕಥೆಯಿದೆ. ಕತ್ತಿ ನಗೋಯದ ಅತ್ಸುತ ದೇಗುಲದಲ್ಲಿದೆ ಎಂಬುದು ಪರಂಪರೆ. ಸಾರ್ವಜನಿಕರಿಗೆ ಅದನ್ನು ತೋರಿಸುವುದಿಲ್ಲ. 1185ರ ದನ್‌ನೊಉರ ಸಮುದ್ರ ಯುದ್ಧದಲ್ಲಿ ಬಾಲಕ ಚಕ್ರವರ್ತಿ ಅಂತೊಕು ಮುಳುಗಿದಾಗ ಅರಮನೆಯ ಕತ್ತಿಯೂ ನೀರು ಪಾಲಾಯಿತು. ಅದು ಮೂಲದ ಪ್ರತಿರೂಪವೆಂದು ಹೇಳುತ್ತಾರೆ. 2019ರ ಮೇ 1ರಂದು ಈಗಿನ ಚಕ್ರವರ್ತಿ ನರುಹಿತೊ ಪಟ್ಟಕ್ಕೆ ಬಂದಾಗಲೂ ಮುಚ್ಚಿದ ಪೆಟ್ಟಿಗೆಯಲ್ಲಿಯೇ ಕತ್ತಿಯನ್ನು ಮುಂದಿಟ್ಟರು. ಇಲ್ಲಿ ಬರಹವಿದೆ, ಕಥೆಯಿದೆ, ನಂಬಿಕೆಯಿದೆ. ಪರೀಕ್ಷಿಸಲು ವಸ್ತು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

5. ಇನರಿಯಾಮ ಕತ್ತಿ. ಕುಸನಗಿಗೆ ಇದು ತದ್ವಿರುದ್ಧ. ಸೈತಾಮ ಪ್ರಾಂತದ ಇನರಿಯಾಮ ಸಮಾಧಿ ದಿಬ್ಬದಲ್ಲಿ 1968ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕತ್ತಿಯೊಂದು ಸಿಕ್ಕಿತು. ಅದಕ್ಕೆ ಹೆಸರೂ ಇರಲಿಲ್ಲ, ಕಥೆಯೂ ಇರಲಿಲ್ಲ. ಹತ್ತು ವರ್ಷಗಳ ನಂತರ, 1978ರಲ್ಲಿ, ತುಕ್ಕಿನಿಂದ ಕಾಪಾಡುವ ಕೆಲಸಕ್ಕಾಗಿ ಎಕ್ಸ್-ರೇ ತೆಗೆದಾಗ ಎರಡೂ ಬದಿಯಲ್ಲಿ ಚಿನ್ನ ತುಂಬಿ ಬರೆದ 115 ಅಕ್ಷರಗಳು ಕಾಣಿಸಿದವು. ಓವಕೆ ಎಂಬಾತ ತನ್ನ ಎಂಟು ತಲೆಮಾರಿನ ಹೆಸರುಗಳನ್ನೂ ತಾನು ವಕತಕೆರು ಎಂಬ ದೊರೆಗೆ ಮಾಡಿದ ಸೇವೆಯನ್ನೂ ಅಲ್ಲಿ ಬರೆಸಿದ್ದಾನೆ. ಕಾಲವನ್ನು ಅರುವತ್ತು ವರ್ಷದ ಚಕ್ರದ ಒಂದು ವರ್ಷದ ಹೆಸರಿನಿಂದ ಸೂಚಿಸಿದ್ದಾನೆ. ನಮ್ಮ ಅರುವತ್ತು ಸಂವತ್ಸರಗಳಂತೆಯೇ ಇದೂ ಮರಳಿ ಮರಳಿ ಬರುತ್ತದೆ. ಆದ್ದರಿಂದ ಹೆಚ್ಚಿನ ವಿದ್ವಾಂಸರು 471 ಎಂದರೆ, ಕೆಲವರು 531 ಎನ್ನುತ್ತಾರೆ.

6. ಹೊಂಜೊ ಮಸಮುನೆ. ಮಸಮುನೆಯದೆಂದು ಗುರುತಿಸಲಾದ ಈ ಕತ್ತಿ ತೊಕುಗವ ಮನೆತನದಲ್ಲಿ ತಲೆಮಾರುಗಳ ಕಾಲ ಇತ್ತು. 1939ರಲ್ಲಿ ಅದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಾಗ, 1945ರ ಡಿಸೆಂಬರಿನಲ್ಲಿ ಮನೆತನದವರು ಅದನ್ನು ಟೋಕಿಯೊದ ಪೊಲೀಸ್ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಹೊರಹೋದ ಮೇಲೆ ಅದು ಮತ್ತೆ ಪತ್ತೆಯಾಗಿಲ್ಲ. ಇಲ್ಲಿ ದಾಖಲೆ ಉಳಿದಿದೆ, ವಸ್ತು ಕಳೆದುಹೋಗಿದೆ.

ಮೂರನೆಯ ಪಾಠ: ಎರಡು ಅವಧಿಗಳು

ಮೊದಲ ಅವಧಿಯಲ್ಲಿ ಕತ್ತಿಯ ಮಾತನ್ನೇ ಎತ್ತಲಿಲ್ಲ. ಪ್ರತಿ ಜೋಡಿಗೂ ಒಂದು ನಾಣ್ಯ, ತೆಳು ಕಾಗದ ಮತ್ತು ಪೆನ್ಸಿಲ್ ಕೊಟ್ಟು ಅಚ್ಚು ತೆಗೆಯಲು ಹೇಳಿದೆ. ಇಸವಿ ಓದಿದರು. ಇಸವಿಯ ಕೆಳಗೆ ಕೆಲವರಿಗೆ ನಕ್ಷತ್ರ, ಕೆಲವರಿಗೆ ವಜ್ರದಾಕಾರ, ಕೆಲವರಿಗೆ ಚುಕ್ಕೆ ಕಾಣಿಸಿತು. ಕೆಲವರಿಗೆ ಏನೂ ಕಾಣಿಸಲಿಲ್ಲ. ಅವು ಕ್ರಮವಾಗಿ ಹೈದರಾಬಾದ್, ಮುಂಬಯಿ, ನೋಯ್ಡಾ ಮತ್ತು ಕೋಲ್ಕತ್ತಾ ಟಂಕಸಾಲೆಗಳವು ಎಂದು ತಿಳಿದಾಗ, ದಿನಾ ಕೈಯಲ್ಲಿ ಹಿಡಿಯುವ ನಾಣ್ಯವನ್ನು ಮೊದಲ ಸಲ ನೋಡುತ್ತಿರುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಬಳಿಕ ಕೇಳಿದೆ: “ಈ ನಾಣ್ಯ ನಿಮ್ಮ ಕೈಗೆ ಬರುವ ಮುಂಚೆ ಯಾರ ಕೈಯಲ್ಲಿತ್ತು?” ನಾಣ್ಯ ಅದನ್ನು ಹೇಳುವುದಿಲ್ಲ ಎಂದು ಅವರೇ ಹೇಳಿದರು. ವಸ್ತು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಹೀಗೆ ಬೋರ್ಡಿನ ಮೇಲೆ ಎರಡು ಕಾಲಂ ಆಯಿತು. ಆಮೇಲಷ್ಟೇ ಕತ್ತಿಯ ಬುಡದ ಚಿತ್ರ ತೋರಿಸಿ, ಜಪಾನಿನಲ್ಲಿಯೂ ಹೀಗೆಯೇ ಅಚ್ಚು ತೆಗೆಯುತ್ತಾರೆ ಎಂದೆ.

ಎರಡನೆಯ ಅವಧಿಗೆ ಗೋಡೆಯುದ್ದಕ್ಕೂ ಹಗ್ಗವೊಂದನ್ನು ಕಟ್ಟಿದೆ. ಒಂದು ಗೇಣಿಗೆ 50 ವರ್ಷದ ಲೆಕ್ಕ. 450ರಿಂದ 2050ರವರೆಗೆ 32 ಗೇಣು. ಬಟ್ಟೆಯ ಕ್ಲಿಪ್ಪುಗಳು ಮತ್ತು ಮೂರು ಬಣ್ಣದ ಕಾರ್ಡುಗಳು: ವಸ್ತುವಿಗೆ ನೀಲಿ, ಬರಹಕ್ಕೆ ಹಳದಿ, ಕಥೆಗೆ ಕೆಂಪು. ಗುಂಪಿಗೊಂದು ಕತ್ತಿಯಂತೆ ಹಂಚಿ, ಮಾಹಿತಿ ಹಾಳೆ ಕೊಟ್ಟೆ.

ಮಸಮುನೆ-ಮುರಮಸ ಗುಂಪಿನವರು ನೀಲಿ ಕಾರ್ಡುಗಳನ್ನು 1300ರ ಬಳಿ ಒಂದು, 1501ರಲ್ಲಿ ಒಂದು ಸಿಕ್ಕಿಸಿ ಗೇಣು ಹಾಕಿ ಅಳೆದರು. ನಾಲ್ಕು ಗೇಣು. ಹಿಂದಿನ ವಾರ ನಾನು ಐದು ನಿಮಿಷ ಭಾಷಣ ಮಾಡಿ ಹೇಳಿದ್ದನ್ನು ಅವರು ಅಂಗೈಯಲ್ಲಿ ಅಳೆದು ತಿಳಿದುಕೊಂಡರು. ಆಗ ಆ ಗುಂಪಿನ ಹುಡುಗಿ ಕೆಂಪು ಕಾರ್ಡು ಹಿಡಿದು ಕೇಳಿದಳು: “ಕಥೆನ ಎಲ್ಲಿ ಸಿಗಿಸ್ಲಿ ಮಿಸ್?”

ಈ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ತರಗತಿಗೇ ಬಿಟ್ಟೆ. ಒಬ್ಬ, “1300ರಲ್ಲಿ” ಎಂದ. ಇನ್ನೊಬ್ಬಳು, “ಆಗ ಮುರಮಸ ಹುಟ್ಟೇ ಇಲ್ವಲ್ಲ, ಅವನ ಹೆಸರು ಕಥೆಯೊಳಗೆ ಹೇಗೆ ಬರತ್ತೆ?” ಎಂದಳು. ಸ್ವಲ್ಪ ವಾದವಾದ ಮೇಲೆ ಎಲ್ಲರೂ ಒಪ್ಪಿದ ಮಾತು: ಕಥೆಯಲ್ಲಿ ಬರುವ ಅತಿ ಕಿರಿಯ ವ್ಯಕ್ತಿಗಿಂತ ಕಥೆ ಹಳೆಯದಾಗಿರಲು ಸಾಧ್ಯವಿಲ್ಲ. ಆದ್ದರಿಂದ ಕೆಂಪು ಕಾರ್ಡು 1501ರ ಬಲಕ್ಕೆ ಎಲ್ಲಿಯಾದರೂ ಇರಬೇಕು. ಪದವಿ ತರಗತಿಯಲ್ಲಿ ನಾನು ಟಿಪ್ಪಣಿಯಾಗಿ ಬರೆದುಕೊಂಡಿದ್ದ ಸೂತ್ರವೊಂದನ್ನು ಎಂಟನೆಯ ತರಗತಿಯವರು ತಾವಾಗಿಯೇ ಕಂಡುಕೊಂಡದ್ದು ಹೀಗೆ.

ಅಲ್ಲಿಯೇ ಒಂದು ನಿಯಮ ಮಾಡಿಕೊಂಡೆವು. ಕೆಂಪು ಕಾರ್ಡನ್ನು ಕಥೆ ಹೇಳಿದ ಕಾಲದಲ್ಲಿ ಸಿಕ್ಕಿಸಬೇಕು. ಅಲ್ಲಿಂದ ಕಥೆಯೊಳಗಿನ ಕಾಲಕ್ಕೆ ಒಂದು ದಾರ ಎಳೆದು ಕಟ್ಟಬೇಕು. ದೋಜಿಗಿರಿಯ ದಾರ 14ನೆಯ ಶತಮಾನದಿಂದ ಹಿಂದಕ್ಕೆ ಯೊರಿಮಿತ್ಸುವಿನ ಕಾಲದವರೆಗೆ ಹೋಯಿತು. ಕುಸನಗಿಯ ದಾರ 712ರಿಂದ ಹಿಂದಕ್ಕೆ ಹೊರಟು, ದೇವತೆಗಳ ಕಾಲಕ್ಕೆ ಹಗ್ಗ ಸಾಲದೆ, ಕಿಟಕಿಯ ಸರಳಿಗೆ ಕಟ್ಟಬೇಕಾಯಿತು. ಅದರ ನೀಲಿ ಕಾರ್ಡನ್ನು ಖಾಲಿ ಬಿಟ್ಟರು. ಇನರಿಯಾಮ ಗುಂಪಿನವರು ತಮಗೆ ಕೆಂಪು ಕಾರ್ಡೇ ಇಲ್ಲ ಎಂದು ಬೇಸರಪಟ್ಟರು. ಆದರೆ 1968ರಲ್ಲಿ ಸಿಕ್ಕಿ 1978ರವರೆಗೆ ಬಾಯಿ ಬಿಡದ ಕತ್ತಿಯ ಸಂಗತಿಯನ್ನು ಓದಿ ಹೇಳಿದಾಗ ಹೆಚ್ಚು ಪ್ರಶ್ನೆ ಬಂದದ್ದು ಅವರ ಗುಂಪಿಗೇ.

ಆಯುಧದ ಬಗ್ಗೆ ಒಂದು ಮಾತು

ಕತ್ತಿಯ ಪಾಠ ಮಾಡುವಾಗ ಹಿಂಸೆಯ ವೈಭವೀಕರಣ ಆಗುವ ಅಪಾಯವಿದೆ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಅದಕ್ಕಾಗಿ ಹೇಶಿಕಿರಿ ಹಸೆಬೆ ಎಂಬ ಕತ್ತಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದು ಈಗ ಫುಕುವೋಕ ನಗರ ವಸ್ತುಸಂಗ್ರಹಾಲಯದಲ್ಲಿದೆ. ಅವಮರ್ಯಾದೆ ಮಾಡಿದನೆಂದು ಒದ ನೊಬುನಗ ತನ್ನ ಚಹಾ ಸೇವಕನನ್ನು ಅಟ್ಟಿಸಿಕೊಂಡು ಹೋದ. ಸೇವಕ ಕಪಾಟಿನ ಅಡಿ ಅವಿತ. ಬೀಸಲು ಜಾಗವಿಲ್ಲದೆ ನೊಬುನಗ ಕತ್ತಿಯನ್ನು ಸುಮ್ಮನೆ ಒತ್ತಿ ಹಿಡಿದೇ ಕೊಂದ ಎಂಬುದು ಐತಿಹ್ಯ. ಒತ್ತಿ ಕತ್ತರಿಸಿದ್ದಕ್ಕೇ ಆ ಹೆಸರು. ಮುಂಚೆ ಈ ಕಥೆಗೆ ತರಗತಿ ಚಪ್ಪಾಳೆ ತಟ್ಟುತ್ತಿತ್ತೇನೋ. ಈ ಬಾರಿ ಒಬ್ಬ ಹುಡುಗ ಕೇಳಿದ: “ಆ ಚಹಾದವನ ಹೆಸರೇನು ಮಿಸ್?” ಕನ್ನಾಯಿ ಎಂದು ಐತಿಹ್ಯ ಹೇಳುತ್ತದೆ ಎಂದೆ. “ಅವನ ಕಡೆಯಿಂದ ಯಾರಾದ್ರೂ ಕಥೆ ಬರೆದಿದ್ದಾರಾ?” ಯಾರು ಹೇಳಿದರು ಎಂಬ ಪ್ರಶ್ನೆಯ ಜೊತೆಗೆ ಯಾರು ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತು. ಅದನ್ನು ಬೋರ್ಡಿನ ಮೇಲೆ ಬರೆದೆ.

ಫಲಿತ ಮತ್ತು ಮಿತಿಗಳು

ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ಈ ಬಾರಿ ಹೆಚ್ಚಿನ ಮಕ್ಕಳು ‘ಕತ್ತಿಯಿಂದ ತಿಳಿಯುವುದು’, ‘ಬರಹದಿಂದ ತಿಳಿಯುವುದು’, ‘ಕಥೆಯಿಂದ ತಿಳಿಯುವುದು’ ಎಂದು ಬೇರೆ ಬೇರೆ ಬರೆದರು. ಎಲ್ಲರೂ ಅಲ್ಲ. ಕೆಲವರು ಬಣ್ಣಗಳನ್ನು ನೆನಪಿಟ್ಟುಕೊಂಡು ಅರ್ಥವನ್ನು ಬಿಟ್ಟಿದ್ದರು. ಇಬ್ಬರು, “ಕೆಂಪು ಕಾರ್ಡು ಎಂದರೆ ಸುಳ್ಳು” ಎಂದು ಬರೆದಿದ್ದರು. ಅದು ನನ್ನ ಎರಡನೆಯ ದಿನದ ತಪ್ಪಿನ ನೆರಳು. ಒಮ್ಮೆ ‘ಸುಳ್ಳು’ ಎಂಬ ಪದವನ್ನು ತರಗತಿಯಲ್ಲಿ ಬಳಸಿದರೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟ. “ಪುಸ್ತಕದಲ್ಲಿರುವುದೆಲ್ಲ ನಿಜ” ಎಂದದ್ದನ್ನೂ ತಿದ್ದಿಕೊಂಡೆ. ಅಂದು ನಾನು ಹೇಳಿದ್ದು ಸರಿಯಲ್ಲ, ಪುಸ್ತಕವನ್ನೂ ‘ಹೇಗೆ ಗೊತ್ತು’ ಎಂದು ಕೇಳಬಹುದು ಎಂದು ಮಕ್ಕಳ ಎದುರೇ ಹೇಳಿದೆ. ಹೇಳುವ ಮುಂಚೆ ಅಂಜಿಕೆಯಿತ್ತು. ತರಗತಿಯ ಶಿಸ್ತಿಗೆ ಅದರಿಂದ ಏನೂ ಆಗಲಿಲ್ಲ.

ಸಮಯದ ದೃಷ್ಟಿಯಿಂದ ಇದು ದುಬಾರಿ ಪಾಠ. ಎರಡು ಅವಧಿ ಬೇಕು. ಆರು ಕತ್ತಿಗಳು ಹೆಚ್ಚಾದವು. ಮತ್ತೊಮ್ಮೆ ಮಾಡಿದರೆ ದೋಜಿಗಿರಿ, ಕುಸನಗಿ, ಇನರಿಯಾಮ ಮೂರನ್ನೇ ಇಟ್ಟುಕೊಳ್ಳುತ್ತೇನೆ. ಜಪಾನಿನ ಹೆಸರುಗಳು ಮಕ್ಕಳ ನಾಲಿಗೆಗೆ ಕಷ್ಟವಾದವು. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದು ಮೊದಲೇ ಓದಿಸಬೇಕಿತ್ತು.

ಇನ್ನು ಮೇಡಂ ಕೇಳಿದ ಪ್ರಶ್ನೆ: ಜಪಾನಿಗೆ ಯಾಕೆ ಹೋಗಬೇಕು? ಹತ್ತಿರದ ಐತಿಹ್ಯವನ್ನು ಪರೀಕ್ಷೆಗೆ ಒಡ್ಡಿದರೆ ಮಗುವಿನ ಮನೆ, ಊರು, ದೇವರು ಎಲ್ಲವೂ ಒಟ್ಟಿಗೆ ಪರೀಕ್ಷೆಗೆ ಬಂದಂತೆ ಆಗುತ್ತದೆ. ದೂರದ ಕತ್ತಿಯ ಮೇಲೆ ಕೈ ಪಳಗಿಸಿಕೊಂಡರೆ ಯಾರಿಗೂ ನೋವಾಗದೆ ಪ್ರಶ್ನೆ ಕೇಳುವ ರೀತಿ ತಿಳಿಯುತ್ತದೆ. ಆಮೇಲೆ ಹತ್ತಿರಕ್ಕೆ ಬರಬಹುದು. ಬರುವುದು ಯಾವಾಗ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ಬೋಧನಾಭ್ಯಾಸದ ಕೊನೆಯ ವಾರ ರಟ್ಟಿನ ಕತ್ತಿಯ ಹುಡುಗ ವರಾಂಡದಲ್ಲಿ ನಿಲ್ಲಿಸಿ ಕೇಳಿದ: “ನಮ್ಮೂರ ಗುಡಿ ಕಥೆಗೂ ಹಿಂಗೆ ಕೇಳಬಹುದಾ ಮಿಸ್?” ನಿಜವೋ ಸುಳ್ಳೋ ಎಂದು ಕೇಳಬೇಡ, “ಇದನ್ನ ನಿನಗೆ ಯಾರು ಹೇಳಿದ್ರು ಅಜ್ಜಿ” ಅಂತ ಕೇಳು ಎಂದೆ. ಎರಡು ದಿನ ಬಿಟ್ಟು ನೋಟ್‌ಬುಕ್ ತಂದು ತೋರಿಸಿದ. ಅಜ್ಜಿಗೆ ಅವರ ಅತ್ತೆ ಹೇಳಿದ್ದಂತೆ. ಅತ್ತೆ ಹೇಳುವಾಗ ಗುಡಿಗೆ ಹೆಂಚು ಇತ್ತಂತೆ, ಈಗ ತಾರಸಿ. ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಚೌಕ, ಅಲ್ಲಿಂದ ಹಿಂದಕ್ಕೆ ಒಂದು ಉದ್ದನೆಯ ಗೆರೆ ಎಳೆದಿದ್ದ. ಗೆರೆ ಹಾಳೆಯ ಅಂಚಿನವರೆಗೆ ಹೋಗಿತ್ತು.